ಮೂರನೆಯ ಅಕ್ಷತೆ ಕಾಳು

ಲೈಸೆನ್ಸ್ ಇಲಾಖೆಯವರು ಐದು ಗಂಟೆಗೆ ಬರುತ್ತೇವೆ ಎಂದಿದ್ದರು. ನಾಲ್ಕು ಹತ್ತಕ್ಕೆ ಮಜ್ಲಿಸಿನ, ಅಂದರೆ ಬಂದವರನ್ನು ಕೂರಿಸುವ ದೊಡ್ಡ ಕೋಣೆಯ, ಒಳಗಿಂದ ಸೈಫ್ "ಮೋಹನ್!" ಎಂದು ಕೂಗಿದ. ಚಹಾಕ್ಕೆ ಕರೆಯುವ ಕೂಗಿಗೂ ಈ ಕೂಗಿಗೂ ಇರುವ ವ್ಯತ್ಯಾಸ ತಿಳಿಯದಿದ್ದರೆ ಇಪ್ಪತ್ತೆರಡು ವರ್ಷ ಒಂದೇ ಮನೆಯ ಅನ್ನ ತಿಂದು ಏನು ಪ್ರಯೋಜನ? ಮೋಹನದಾಸ ಕಾರು ಒರೆಸುತ್ತಿದ್ದ ಬಟ್ಟೆಯನ್ನು ಬಾನೆಟ್ಟಿನ ಮೇಲೇ ಬಿಟ್ಟು ಓಡಿದ.

ದುಬೈಯಿಂದ ಒಂದು ಗಂಟೆ ದೂರದ ಖಲೀಫಾ ಸಿಟಿಯ ಆ ಮನೆಗೆ ಅವನು ಡ್ರೈವರ್. ಡ್ರೈವರ್ ಎನ್ನುವುದು ವೀಸಾದಲ್ಲಿ ಬರೆದದ್ದು, ಅಷ್ಟೆ. ಎಸಿ ನೀರು ಸುರಿಸಿದರೆ, ನೀರಿನ ಪಂಪು ಕೆಮ್ಮಿದರೆ, ಗೇಟಿನ ಮೋಟಾರು ಮುನಿಸಿಕೊಂಡರೆ ಎಲ್ಲದಕ್ಕೂ ಅವನೇ. ಕಾಪುವಿನಲ್ಲಿ ಅಪ್ಪನ ಸೈಕಲ್ ಅಂಗಡಿಯಲ್ಲಿ ಬೆಳೆದವನು. ಯಂತ್ರ ಅಂದರೆ ಅದಕ್ಕೊಂದು ಜೀವ ಉಂಟು, ಮರ್ಯಾದೆ ಕೊಟ್ಟರೆ ಮರ್ಯಾದೆಯಲ್ಲಿ ಓಡುತ್ತದೆ ಎಂದು ನಂಬಿದವನು. ಮನೆಯ ಯಜಮಾನ ಖಲ್ಫಾನ್, ಎಲ್ಲರ ಬಾಯಲ್ಲೂ 'ಬಾಬಾ', ಇವನನ್ನು ಕೆಲಸಕ್ಕೆ ಇಟ್ಟುಕೊಂಡಾಗ ಸೈಫ್‌ಗೆ ಎಂಟು ವರ್ಷ. ಅವನನ್ನು ಶಾಲೆಗೆ ಬಿಟ್ಟದ್ದು, ಮಳೆ ಬಂದ ಒಂದೇ ಒಂದು ದಿನ ಹೆಗಲ ಮೇಲೆ ಹೊತ್ತು ನೀರು ದಾಟಿಸಿದ್ದು, ಎಲ್ಲ ಈ ಮೋಹನದಾಸನೇ. ಆಗ 'ಸೈಫ್' ಎಂದೇ ಕರೆಯುತ್ತಿದ್ದ. ಹುಡುಗನಿಗೆ ಮೀಸೆ ಬಂದು, ದುಬೈಯಲ್ಲಿ ದೊಡ್ಡ ಕೆಲಸ ಆಗಿ, ಮದುವೆಯೂ ಆದ ಮೇಲೆ ಅದು ತಂತಾನೇ 'ಅರ್ಬಾಬ್' ಆಯಿತು. ಯಜಮಾನರೇ, ಅಂದ ಹಾಗೆ.

ಬಾಬಾ ತೀರಿಕೊಂಡು ಎರಡೂವರೆ ತಿಂಗಳು. ಮೋಹನದಾಸನ ವೀಸಾ ಬಾಬಾನ ಹೆಸರಿನಲ್ಲಿತ್ತು. ಹೆಸರಿನ ಮನುಷ್ಯನೇ ಹೋದ ಮೇಲೆ ವೀಸಾ ಎಷ್ಟು ದಿನ ನಿಂತೀತು? ಸೈಫ್ ತನ್ನ ಹೆಸರಿಗೆ ಮಾಡಿಕೊಂಡರೆ ಉಳಿದ. ಇಲ್ಲವಾದರೆ ಏಪ್ರಿಲ್ ಕೊನೆಗೆ ಮಂಗಳೂರಿನ ವಿಮಾನ. ಊರಿನಲ್ಲಿ ಹೆಂಡತಿ ಪ್ರಫುಲ್ಲಾ, ಮಗಳು ತೃಷಾ. ತೃಷಾಳ ಫಿಸಿಯೋಥೆರಪಿ ಓದು ಇನ್ನೂ ಎರಡು ವರ್ಷ ಉಂಟು. ಕಾಗದ ತಯಾರಾಗಿ, ಸಹಿಯೊಂದು ಬಾಕಿಯಾಗಿ, ಮಜ್ಲಿಸಿನ ಮೇಜಿನ ಮೇಲೆ ಎರಡು ವಾರದಿಂದ ಬಿದ್ದಿತ್ತು. ಸೈಫ್ ಬಂದಾಗಲೆಲ್ಲ ಅದರ ಮೇಲೇ ಚಹಾದ ಲೋಟ ಇಡುತ್ತಿದ್ದ. ಇಲ್ಲ ಎನ್ನುತ್ತಿರಲಿಲ್ಲ, ಹೂಂ ಎನ್ನುತ್ತಲೂ ಇರಲಿಲ್ಲ.

"ನೀವು ಕೇಳಿ ಮಾರಾಯ್ರೆ, ಬಾಯಿ ಎಂತಕ್ಕೆ ಉಂಟು?" ಎಂದು ಜೋಸ್ಫಿನ್ ದಿನಾ ಚುಚ್ಚುತ್ತಿದ್ದಳು. ಬಾಬಾನನ್ನು ಕೊನೆಯ ಎರಡು ವರ್ಷ ನೋಡಿಕೊಂಡ ನರ್ಸ್ ಅವಳು, ಕಲ್ಯಾಣಪುರದವಳು. ಮುಂದಿನ ವಾರ ಬೇರೆ ಮನೆಗೆ ಹೋಗುವವಳಿದ್ದಳು. "ಹೀಗೆ ಕಾರು ಒರೆಸಿಕೊಂಡು ಕೂತರೆ ಕಾರು ಹೊಳೀತದೆ. ಸಹಿ ಆಗುದಿಲ್ಲ."

"ಆಗ್ತದೆ ಸಿಸ್ಟರ್. ಸಮಯ ಬರ್ಲಿ."

ಆ ಸಮಯ ಹೀಗೆ ಬರುತ್ತದೆ ಎಂದು ಅವನಿಗೇನು ಗೊತ್ತಿತ್ತು!

ಮಜ್ಲಿಸಿನಲ್ಲಿ ಕೆಂಪು ಕಾರ್ಪೆಟ್ಟಿನ ನಡುವೆ ಸೈಫ್ ಮಂಡಿಯೂರಿ ಕೂತಿದ್ದ. ಬಿಳಿ ನಿಲುವಂಗಿ ಕಂದೂರದ ತೋಳು ಮೊಣಕೈಯವರೆಗೆ ಮಡಚಿತ್ತು, ಹಣೆಯಲ್ಲಿ ಬೆವರು. ಮುಂದೆ ಮರದ ಪೆಟ್ಟಿಗೆ ತೆರೆದಿತ್ತು. ಕೈಯಲ್ಲಿ ಬಾಬಾನ ಪಿಸ್ತೂಲು.

ಬಾಬಾ ಪ್ರಾಯದಲ್ಲಿ ಸೈನ್ಯದಲ್ಲಿದ್ದವನು. ಲೈಸೆನ್ಸಿನ ಪಿಸ್ತೂಲು, ಅವನ ಪ್ರಾಣ. ಸಾಯುವ ಮೊದಲು 'ಇದು ಸೈಫ್‌ಗೆ' ಎಂದು ಬಾಯಿಬಿಟ್ಟು ಹೇಳಿದ್ದು ಇದೊಂದನ್ನೇ. ಇಲಾಖೆಯವರು ಇವತ್ತು ಬಂದು, ನೋಡಿ, ನಂಬರು ಬರೆದುಕೊಂಡು, ಮಗನ ಹೆಸರಿಗೆ ಮಾಡುವ ಅರ್ಜಿ ತೆಗೆದುಕೊಂಡು ಹೋಗುವುದಿತ್ತು. ಫೋನಿನಲ್ಲಿ ಒಂದೇ ಮಾತು ಹೇಳಿದ್ದರು: ನಾವು ಬರುವಾಗ ಮ್ಯಾಗಜೀನ್ ಹೊರಗೆ ತೆಗೆದಿಟ್ಟಿರಬೇಕು. ಮ್ಯಾಗಜೀನ್ ಎಂದರೆ ಹಿಡಿಯ ಒಳಗೆ ಕೂರುವ ಗುಂಡಿನ ಡಬ್ಬಿ.

"ಬರ್ತಾ ಇಲ್ಲ," ಎಂದ ಸೈಫ್. ಅವನೂ ಮೋಹನದಾಸನೂ ಮಾತಾಡುವುದು ಅರ್ಧ ಹಿಂದಿ, ಅರ್ಧ ಅರಬಿ. ಇಪ್ಪತ್ತೆರಡು ವರ್ಷದಲ್ಲಿ ಅದೇ ಒಂದು ಭಾಷೆಯಾಗಿತ್ತು. "ಹಿಡಿಯ ಅಡಿಗೆ ಈ ಕೊಕ್ಕೆ ಇದೆಯಲ್ಲ, ಇದನ್ನು ಹಿಂದಕ್ಕೆ ಎಳೆದರೆ ಮ್ಯಾಗಜೀನ್ ಕೆಳಗೆ ಜಾರಬೇಕು. ಮಾಫಿ, ಇಲ್ಲವೇ ಇಲ್ಲ. ಅಲ್ಲಾಡುವುದೇ ಇಲ್ಲ. ನಿನ್ನ ಸ್ಕ್ರೂಡ್ರೈವರ್ ತಾ. ದೊಡ್ಡದು."

ಮೋಹನದಾಸ ಬಾಗಿಲಲ್ಲೇ ನಿಂತ. ಕೊಕ್ಕೆ ಅಲ್ಲಾಡುವುದಿಲ್ಲ ಎಂದ ಕೂಡಲೇ ಅವನಿಗೆ ಅಕ್ಟೋಬರಿನ ಒಂದು ಮಧ್ಯಾಹ್ನ ನೆನಪಾಯಿತು. ಮೂರು ಕಾಳು ಇಟ್ಟಿದ್ದೆ. ಎರಡು ಸಿಕ್ಕಿತ್ತು.

ಬಾಬಾನ ಕೈ ನಡುಗಲು ಶುರುವಾದದ್ದು ಆರು ವರ್ಷದ ಹಿಂದೆ. ಮೊದಲು ಚಹಾದ ಲೋಟ, ಆಮೇಲೆ ಪೆನ್ನು, ಆಮೇಲೆ ಅಂಗಿಯ ಗುಂಡಿ. ಒಂದು ದಿನ ಬಾಗಿಲು ಹಾಕಿ, ಇವನನ್ನು ಎದುರು ಕೂರಿಸಿ, ಪಿಸ್ತೂಲು ಮುಂದಿಟ್ಟು, "ನಾನು ಹೇಳ್ತೇನೆ, ನೀನು ಒರೆಸು. ಇದು ನಮ್ಮಿಬ್ಬರಲ್ಲೇ ಇರಲಿ" ಎಂದಿದ್ದ. ಪರದೇಶದವನು ಅದನ್ನು ಮುಟ್ಟುವುದೇ ತಪ್ಪು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಆ ಮುದುಕನ ಕಣ್ಣು ನೋಡಿದವರು ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಅಲ್ಲಿಂದ ಎರಡು ತಿಂಗಳಿಗೊಮ್ಮೆ ಬಾಬಾ ಪಾಠ ಹೇಳುವುದು, ಇವನು ಒರೆಸುವುದು. ಪಾಠ ಯಾವಾಗಲೂ ಒಂದೇ: "ಮೊದಲು ಮ್ಯಾಗಜೀನ್ ತೆಗಿ. ಆಮೇಲೆ ಮೇಲಿನ ಸ್ಲೈಡು ಎಳೆದು ಒಳಗೆ ನೋಡು. ತಿರುಗುಮುರುಗು ಮಾಡಿದರೆ ಇದು ಖಾಲಿ ಅಂತ ಸುಳ್ಳು ಹೇಳ್ತದೆ."

ಹೋದ ಅಕ್ಟೋಬರಿನಲ್ಲಿ ಆ ಒರೆಸುವ ದಿನ ಆಯುಧಪೂಜೆಯಂದೇ ಬಿತ್ತು. ಮೋಹನದಾಸ ಬೆಳಿಗ್ಗೆಯೇ ಗ್ಯಾರೇಜಿನ ಶಟರು ಅರ್ಧ ಎಳೆದು ತನ್ನ ಪೂಜೆ ಮುಗಿಸಿದ್ದ. ಕರಾಮ ಪೇಟೆಯ ಇಂಡಿಯನ್ ಅಂಗಡಿಯಿಂದ ಹಿಂದಿನ ವಾರವೇ ಕುಂಕುಮ, ಗಂಧ ತಂದಿಟ್ಟಿದ್ದ. ಅರಿಶಿನದಲ್ಲಿ ಅಕ್ಕಿ ಕಲಸಿ ಅಕ್ಷತೆ ಮಾಡಿಕೊಂಡಿದ್ದ. ಸ್ಪ್ಯಾನರಿಗೆ, ಜಾಕಿಗೆ, ಹುಲ್ಲು ಕತ್ತರಿಸುವ ಮಷಿನಿಗೆ, ಕಾರಿನ ಸ್ಟಿಯರಿಂಗಿನ ಅಡಿಯಲ್ಲಿ ಯಾರಿಗೂ ಕಾಣದ ಜಾಗಕ್ಕೆ, ಎಲ್ಲಕ್ಕೂ ಒಂದೊಂದು ಬೊಟ್ಟು. ಮಧ್ಯಾಹ್ನ ಬಾಬಾ ಪಿಸ್ತೂಲು ಒರೆಸಲು ಕರೆದ. ಅದರ ಎಣ್ಣೆ ಮುಗಿದಿತ್ತು. ಇವನು ತನ್ನ ತಲೆಗೆ ಹಚ್ಚುವ ತೆಂಗಿನೆಣ್ಣೆ ತಂದ. ಒರೆಸಿ, ಮ್ಯಾಗಜೀನ್ ಹಾಕಿ, ತಲೆ ಎತ್ತಿದರೆ ಬಾಬಾ ಕುರ್ಚಿಯಲ್ಲೇ ಗೊರಕೆ.

ಆಗ ಅವನ ತಲೆಗೆ ಒಂದು ಯೋಚನೆ ಬಂತು. ಗಾಳಿ ಹೊಡೆಯುವ ಪಂಪಿಗೂ ಪೂಜೆ ಆಯಿತು. ಈ ಮನೆಯಲ್ಲಿರುವ ಒಂದೇ ಒಂದು ನಿಜವಾದ ಆಯುಧಕ್ಕೆ ಇಲ್ಲವೇ? ಆಯುಧಪೂಜೆ ಎಂದು ಹೆಸರಿಟ್ಟುಕೊಂಡು ಆಯುಧವನ್ನೇ ಬಿಟ್ಟರೆ ಅದಕ್ಕೆ ಬೇಜಾರಾಗುವುದಿಲ್ಲವೇ? ಜೇಬಿನಲ್ಲಿ ಉಳಿದ ಪೊಟ್ಟಣ ಇತ್ತು. ಹಿಡಿಯ ಅಡಿಗೆ ಒಂದು ಗಂಧದ ಬೊಟ್ಟು, ಮೇಲೊಂದು ಚಿಟಿಕೆ ಕುಂಕುಮ, ಅದರ ಮೇಲೆ ಮೂರು ಕಾಳು ಅಕ್ಷತೆ. ಒಂದು ಉಸಿರು ಕೈ ಮುಗಿದ. ಒರೆಸಿ ತೆಗೆದ. ಬಟ್ಟೆಯಲ್ಲಿ ಎರಡು ಕಾಳು ಬಂತು. ಮೂರನೆಯದನ್ನು ಹುಡುಕುವಷ್ಟರಲ್ಲಿ ಬಾಬಾ ಕೆಮ್ಮಿ ಎದ್ದ. ಕಾರ್ಪೆಟ್ಟಿನಲ್ಲಿ ಬಿದ್ದಿರಬೇಕು ಎಂದುಕೊಂಡು ಮರುದಿನ ಮಂಡಿಯೂರಿ ಹುಡುಕಿಯೂ ಇದ್ದ. ಮುಂದಿನ ವಾರ ಬಾಬಾ ಸ್ನಾನದ ಮನೆಯಲ್ಲಿ ಬಿದ್ದ. ಆಮೇಲೆ ಆಸ್ಪತ್ರೆ, ಹಾಸಿಗೆ. ಆ ಪೆಟ್ಟಿಗೆ ಮತ್ತೆ ತೆರೆದದ್ದು ಇವತ್ತೇ.

ಕೊಕ್ಕೆ ಹಿಂದೆ ಬರಬೇಕಾದರೆ ಅದರ ಹಿಂದೆ ಒಂದು ಅಕ್ಕಿಕಾಳಿನಷ್ಟು ಜಾಗ ಬೇಕು. ಆ ಜಾಗದಲ್ಲಿ ಸರಿಯಾಗಿ ಒಂದು ಅಕ್ಕಿಕಾಳು ಕೂತಿತ್ತು. ಒಣಗಿದ ಗಂಧ, ಗೋಂದಿನಂತಾದ ತೆಂಗಿನೆಣ್ಣೆ, ಆರು ತಿಂಗಳ ಧೂಳು ಅದಕ್ಕೆ ಗಾರೆ.

"ಎಲ್ಲಿ ಸ್ಕ್ರೂಡ್ರೈವರ್?" ಸೈಫ್ ಗದರಿದ.

"ಅರ್ಬಾಬ್, ಅದನ್ನು ಹಾಗೇ ಇಡಿ. ಬರುವವರಿಗೆ ಹೇಳಿ, ಸಿಕ್ಕಿಕೊಂಡಿದೆ ಅಂತ. ಅವರು ತೆಗೀತಾರೆ."

"ಹೌದು, ತೆಗೆದು ನಗ್ತಾರೆ. ಅಪ್ಪನ ಪಿಸ್ತೂಲಿನ ಮ್ಯಾಗಜೀನ್ ತೆಗೆಯಲು ಬಾರದವನು ಅದನ್ನು ಇಟ್ಟುಕೊಳ್ಳಲು ಅರ್ಜಿ ಹಾಕಿದ್ದಾನೆ ಅಂತ. ತಾ ಅಂದರೆ ತಾ."

ಹೇಳಿಬಿಡಲೇ ಎಂದುಕೊಂಡ ಮೋಹನದಾಸ. ಕಣ್ಣು ಮೇಜಿನ ಕಡೆ ಹೋಯಿತು. ಕಾಗದದ ಮೇಲೆ ಇವತ್ತೂ ಲೋಟ ಇತ್ತು. ಒಂದು ಸಹಿ. ಇವತ್ತು ಬಾಯಿ ಬಿಟ್ಟರೆ, ಪರದೇಶದವನು ಪಿಸ್ತೂಲು ಮುಟ್ಟಿದ್ದು ಒಂದು, ಅದಕ್ಕೆ ಕುಂಕುಮ ಹಚ್ಚಿದ್ದು ಇನ್ನೊಂದು. ಸಹಿ ಹಾಗಿರಲಿ, ಬರುವ ಇಲಾಖೆಯವರ ಕಾರಿನಲ್ಲೇ ತನ್ನನ್ನು ಕಳುಹಿಸಿದರೂ ಕಳುಹಿಸಿದ. ಗ್ಯಾರೇಜಿಗೆ ಹೋದ, ಬೇಕೆಂದೇ ನಿಧಾನವಾಗಿ ಹುಡುಕಿದ, ಇದ್ದುದರಲ್ಲಿ ಚಿಕ್ಕ ಸ್ಕ್ರೂಡ್ರೈವರ್ ಹಿಡಿದು ಬಂದ.

ಅಷ್ಟರಲ್ಲಿ ಸೈಫ್ ಫೋನು ಪಕ್ಕಕ್ಕಿಟ್ಟುಕೊಂಡು ಏನೋ ವಿಡಿಯೋ ನೋಡುತ್ತಿದ್ದ. ಪಿಸ್ತೂಲಿನ ಮೂತಿ ಒಮ್ಮೆ ಕಿಟಕಿಗೆ, ಒಮ್ಮೆ ಗೋಡೆಗೆ, ಒಮ್ಮೆ ಅವನದೇ ಮೊಣಕಾಲಿಗೆ ತಿರುಗುತ್ತಿತ್ತು. ಮೋಹನದಾಸ ಬಾಗಿಲಿನ ಚೌಕಟ್ಟಿಗೆ ಅಂಟಿಕೊಂಡ.

"ಮೊದಲು ಖಾಲಿ ಮಾಡ್ತೇನೆ," ಎಂದು ಸೈಫ್ ಮೇಲಿನ ಸ್ಲೈಡು ಹಿಂದಕ್ಕೆಳೆದು ಬಿಟ್ಟ. ಖಟ್. ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದ. ಒಂದು ಗುಂಡು ಟಣ್ಣನೆ ಹಾರಿ ಕಾರ್ಪೆಟ್ಟಿನ ಮೇಲೆ ಉರುಳಿತು. ಸೈಫ್ ನಕ್ಕ, ಗೆದ್ದವನ ಹಾಗೆ.

"ಒಂದಿತ್ತು. ಬಂತು. ಖಲಾಸ್, ಖಾಲಿ."

ಅದೇ ಹೊತ್ತಿಗೆ ಆಚೆ ಬಾಗಿಲಿನಿಂದ ಜೋಸ್ಫಿನ್ ಅರಬಿ ಕಾಫಿ ಖಾವಾದ ಕಪ್ಪುಗಳ ತಟ್ಟೆ ಹಿಡಿದು ಬಂದಳು. ಬರುವ ಅಧಿಕಾರಿಗಳಿಗೆಂದು ಕಪ್ಪು ಜೋಡಿಸುವುದಿತ್ತು. ಉರುಳಿ ಬಂದ ಗುಂಡನ್ನು ಕಂಡು "ಜೇಸು!" ಎಂದು ನಿಂತೇ ಬಿಟ್ಟಳು.

ಮೋಹನದಾಸನ ಕಿವಿಯಲ್ಲಿ ಬಾಬಾನ ದನಿ. ತಿರುಗುಮುರುಗು ಮಾಡಿದರೆ ಇದು ಸುಳ್ಳು ಹೇಳ್ತದೆ. ಬಾಬಾ ಯಾವತ್ತೂ ಡಬ್ಬಿ ತುಂಬಿಸಿಯೇ ಇಡುತ್ತಿದ್ದ, ಏಳು ಗುಂಡು. ಡಬ್ಬಿ ಒಳಗೇ ಇರುವಾಗ ಸ್ಲೈಡು ಎಳೆದರೆ ಒಂದು ಹೊರಗೆ ಹಾರುತ್ತದೆ, ಇನ್ನೊಂದು ನಳಿಕೆಯ ಬಾಯಿಗೆ ಏರುತ್ತದೆ. ಈಗ ಬಾಯಲ್ಲಿ ಒಂದು ಕೂತಿತ್ತು. ಸೈಫ್‌ಗೆ ಅದು ಖಾಲಿ.

"ಈ ವಿಡಿಯೋದವನು ಹೇಳ್ತಾನೆ, ಟ್ರಿಗರ್ ಒಮ್ಮೆ ಎಳೆದರೆ ಒಳಗಿನ ಬಿಗಿ ಸಡಿಲ ಆಗ್ತದೆ, ಆಮೇಲೆ ಮ್ಯಾಗಜೀನ್ ಸುಲಭ ಅಂತ." ಸೈಫ್ ಕೈ ಚಾಚಿದ. ನೆಲಕ್ಕೆಂದು ಹಿಡಿದ ಪಿಸ್ತೂಲು ಸ್ವಲ್ಪ ಮೇಲಾಗಿತ್ತು. ಅದರ ನೇರಕ್ಕೆ ಕಾರ್ಪೆಟ್ಟಿನ ಅಂಚು, ಅದರಾಚೆ ಜೋಸ್ಫಿನ್‌ಳ ಬಿಳಿ ಶೂ. ಬೆರಳು ಒಳಗೆ ಹೋಯಿತು.

"ಸೈಫ್!"

ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯೊಳಗೆ ಮೋಹನದಾಸ ದನಿ ಎತ್ತಿದ್ದಿಲ್ಲ. ಈ ದನಿ ಅವನದೇ ಎಂದು ಅವನಿಗೂ ಅನಿಸಲಿಲ್ಲ. ಶಾಲೆಯ ಗೇಟಿನೆದುರು ರಸ್ತೆಗೆ ಓಡಿದ ಹುಡುಗನನ್ನು ಕೂಗಿದ ಹಾಗೆ ಕೂಗಿದ್ದ. ಸೈಫ್‌ನ ಬೆರಳು ನಿಂತಿತು.

"ಬೆರಳು ತೆಗಿ. ಹೊರಗೆ. ಇನ್ನೂ ಹೊರಗೆ. ಬಾಯಲ್ಲಿ ಒಂದಿದೆ."

"ಬಂತಲ್ಲ, ಅಲ್ಲಿ ಬಿದ್ದಿದೆ—"

"ಅದು ಬಂತು, ಇನ್ನೊಂದು ಏರಿತು! ಡಬ್ಬಿ ಒಳಗೇ ಇದೆ. ನೀನು ಎಳೆದಷ್ಟು ಸಲ ಒಂದು ಏರ್ತದೆ."

ಸೈಫ್‌ನ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದುದನ್ನು ಹಾವು ಹಿಡಿದವನಂತೆ ನೋಡಿದ. ಬಿಡಲೂ ಭಯ, ಹಿಡಿಯಲೂ ಭಯ.

"ಬಿಡಬೇಡಿ," ಮೋಹನದಾಸ ದನಿ ತಗ್ಗಿಸಿದ. ಮತ್ತೆ ಬಹುವಚನ ಬಂದಿತ್ತು. "ಹೆಬ್ಬೆರಳ ಹತ್ತಿರ ಚಿಕ್ಕ ಕೀಲಿ ಇದೆ ನೋಡಿ, ಅದನ್ನು ಮೇಲೆ ತಳ್ಳಿ. ಟಕ್ ಅಂತದೆ. ಹಾಂ. ಈಗ ಮೆಲ್ಲ ಎದ್ದು ಅಂಗಳದ ಬಾಗಿಲಿಗೆ ಬನ್ನಿ. ಮೂತಿ ನೆಲಕ್ಕೆ. ಅಲ್ಲಿ ಗಿಡದ ದೊಡ್ಡ ಕುಂಡ ಇದೆಯಲ್ಲ, ಅದರ ಮಣ್ಣಿಗೆ ತೋರಿಸಿ ಹಿಡಿಯಿರಿ. ಏನಾದರೂ ಆದರೆ ಮಣ್ಣು ನುಂಗ್ತದೆ."

ಸೈಫ್ ಹೇಳಿದ ಹಾಗೆ ಮಾಡಿದ. ಕುಂಡದ ಮುಂದೆ ಮಂಡಿಯೂರಿದ. ಕೈ ನಡುಗುತ್ತಿತ್ತು. ಮೋಹನದಾಸ ಆ ನಡುಕ ನೋಡಿದ. ಅದು ಬಾಬಾನ ಕೈಯೇ, ಬೆರಳಿನ ಗೆಣ್ಣು ಸಮೇತ.

"ಸಿಸ್ಟರ್, ನಿಮ್ಮ ಪೆಟ್ಟಿಗೆಯಲ್ಲಿ ಸ್ಪಿರಿಟ್ ಉಂಟಾ? ಮತ್ತೆ ಒಂದು ದಪ್ಪ ಸೂಜಿ?"

"ಉಂಟು," ಎಂದಳು ಜೋಸ್ಫಿನ್, ನಿಂತಲ್ಲಿಂದ ಕದಲದೆ. "ಆದ್ರೆ ನಾನು ಹೇಗೆ ಬರುದು? ಆ ಗುಂಡು ಎಲ್ಲಿಯಾದರೂ ಉರುಳಿ ಹೋಗ್ತದೆ ಅಂತ ಅದರ ಮೇಲೆ ಕಾಲಿಟ್ಟು ನಿಂತಿದ್ದೇನೆ. ಕಾಲು ಮರಗಟ್ಟಿತು ಮಾರಾಯ್ರೆ. ತೆಗೆದ್ರೆ ಸ್ಫೋಟ ಆಗುದಿಲ್ಲ ಅಲ್ವಾ?"

"ಆಗುದಿಲ್ಲ. ಬನ್ನಿ ಬೇಗ."

ಅವಳು ಕಾಲೆತ್ತಿ, ಶಿಲುಬೆಯ ಗುರುತು ಹಾಕಿಕೊಂಡು ಓಡಿದಳು. ನಾಲ್ಕು ಮೂವತ್ತೈದು. ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ಮನೆಯನ್ನೇ ಉಜ್ಜಿಕೊಂಡು ಹೋದ ಹಾಗೆ ಹೋಯಿತು.

"ನಿನಗೆ ಇದೆಲ್ಲ ಹೇಗೆ ಗೊತ್ತು?" ಎಂದು ಕೇಳಿದ ಸೈಫ್, ತಿರುಗಿ ನೋಡದೆ.

"ಮೊದಲು ಇದು ಮುಗೀಲಿ."

ಜೋಸ್ಫಿನ್ ಸಿರಿಂಜಿನಲ್ಲಿ ಸ್ಪಿರಿಟ್ ತುಂಬಿ ತಂದಳು. ಪಿಸ್ತೂಲು ಹಿಡಿದದ್ದು ಸೈಫ್. ಫೋನಿನ ಟಾರ್ಚು ಹಿಡಿದದ್ದು ಮೋಹನದಾಸ. "ನಾನು ಮುಟ್ಟುದಿಲ್ಲ, ನನ್ನ ಸೂಜಿ ಮುಟ್ಟುದು ಅಷ್ಟೆ," ಎಂದು ಯಾರಿಗೋ ಸಾಕ್ಷಿ ಹೇಳುವವಳಂತೆ ಹೇಳಿ, ಜೋಸ್ಫಿನ್ ಕೊಕ್ಕೆಯ ಹಿಂದಿನ ಸಂದಿಗೆ ಹನಿ ಹನಿಯಾಗಿ ಸ್ಪಿರಿಟ್ ಬಿಟ್ಟಳು. ಮೂರೂ ತಲೆ ಒಂದಕ್ಕೊಂದು ತಾಗುವಷ್ಟು ಹತ್ತಿರ. ಸಂದಿಯಿಂದ ಮೊದಲು ಕಂದು ನೀರು ಬಂತು, ಆಮೇಲೆ ಕೆಂಪು.

"ರಕ್ತವಾ?" ಸೈಫ್ ಪಿಸುಗುಟ್ಟಿದ.

ಹತ್ತು ವರ್ಷ ನರ ಹುಡುಕಿ ಪಳಗಿದ ಕೈ ಜೋಸ್ಫಿನ್‌ಳದು. ಸೂಜಿಯನ್ನು ಒಂದಿಷ್ಟು ಓರೆ ಮಾಡಿ ಒಳಗೆ ಬಿಟ್ಟು, ತಿರುವಿ, ನಿಧಾನ ಎಳೆದಳು. ಒಮ್ಮೆ ಜಾರಿತು. ಇನ್ನೊಮ್ಮೆಯೂ ಜಾರಿತು. ಸೈಫ್‌ನ ಮೊಣಕೈ ಕುಂಡದ ಅಂಚಿಗೆ ಬಡಿದಾಗ ಮೂವರೂ ಕಣ್ಣು ಮುಚ್ಚಿದರು. ಮೂರನೆಯ ಸಲ ಸೂಜಿಯ ತುದಿಯಲ್ಲಿ ಏನೋ ಬಂತು.

"ಈಗ ಎಳೆಯಿರಿ," ಎಂದ ಮೋಹನದಾಸ. "ಕೊಕ್ಕೆ ಹಿಂದಕ್ಕೆ."

ಸೈಫ್ ಎಳೆದ. ಮ್ಯಾಗಜೀನ್ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿ ಅವನ ಅಂಗೈಗೆ ಬಿತ್ತು.

"ಈಗ ಸ್ಲೈಡು ಎಳೆಯಿರಿ. ಒಮ್ಮೆ."

ಖಟ್. ಬಾಯಲ್ಲಿದ್ದ ಗುಂಡು ಹಾರಿ ಕುಂಡದ ಮಣ್ಣಿಗೆ ಬಿತ್ತು. ಹಿತ್ತಾಳೆಯ ಹಳದಿ, ಕಿರುಬೆರಳಿನ ಅರ್ಧ ಉದ್ದ. ಅದು ಜೋಸ್ಫಿನ್‌ಳ ಕಾಲಿಗೆ ಹೋಗಬೇಕಾಗಿದ್ದ ಗುಂಡು. ಅವಳು ಅದನ್ನು ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಸೈಫ್ ಗುಂಡು ನೋಡುತ್ತಿರಲಿಲ್ಲ. ಸೂಜಿಯ ತುದಿ ನೋಡುತ್ತಿದ್ದ. ಎಣ್ಣೆಯಲ್ಲಿ ನೆನೆದು ಉಬ್ಬಿದ, ಅರಿಶಿನದ ಬಣ್ಣದ, ಒಂದು ಬದಿಗೆ ಕುಂಕುಮ ಮೆತ್ತಿದ ಕಾಳು.

"ಇದು ಅಕ್ಕಿ," ಎಂದ. "ನನ್ನ ಅಪ್ಪನ ಪಿಸ್ತೂಲಿನ ಒಳಗೆ ಹಳದಿ ಅಕ್ಕಿ ಹೇಗೆ ಬಂತು?"

ಜೋಸ್ಫಿನ್ ತಲೆ ಎತ್ತದೆ ಕನ್ನಡದಲ್ಲಿ ಗಡಬಡಿಸಿ ಹೇಳಿದಳು: "ಮೋಹನಣ್ಣ, ಇರುವೆ ತಂದದ್ದು ಅಂತ ಹೇಳಿ. ಪೆಟ್ಟಿಗೆಗೆ ಇರುವೆ ಹತ್ತಿತ್ತು, ನಾನೇ ನೋಡಿದ್ದೆ ಅಂತ ನಾನು ಹೇಳ್ತೇನೆ. ನೀವು ಬಾಯಿ ಮುಚ್ಚಿ ಕೂತ್ಕೊಳ್ಳಿ."

"ಏನಂತಾಳೆ?" ಸೈಫ್ ಕೇಳಿದ.

ಮೋಹನದಾಸ ಮೇಜಿನ ಕಡೆ ಒಮ್ಮೆ ನೋಡಿದ. ತೃಷಾಳ ಮುಖ ಬಂತು, ಪ್ರಫುಲ್ಲಾಳ ಮುಖ ಬಂತು. ಅರ್ಧ ಗಂಟೆಯ ಮೊದಲು ಬಾಯಿ ಮುಚ್ಚಿಕೊಂಡು ಸ್ಕ್ರೂಡ್ರೈವರ್ ಹುಡುಕಲು ಹೋಗಿದ್ದೂ ನೆನಪಾಯಿತು. ಆಗಲೇ ಹೇಳಿದ್ದರೆ ಈ ಹೆಂಗಸಿನ ಕಾಲಿನ ನೇರಕ್ಕೆ ಅದು ತಿರುಗುತ್ತಲೇ ಇರಲಿಲ್ಲ.

"ಇರುವೆ ತಂದದ್ದು ಅಂತ ನಿಮಗೆ ಹೇಳಬೇಕಂತೆ," ಎಂದ.

"ಅಯ್ಯೋ ದೇವರೇ," ಜೋಸ್ಫಿನ್ ಹಣೆ ಚಚ್ಚಿಕೊಂಡಳು. "ಅದನ್ನೂ ಹೇಳ್ಬೇಕಿತ್ತಾ?"

"ಇರುವೆ ಅಲ್ಲ, ಅರ್ಬಾಬ್. ನಾನು ಇಟ್ಟದ್ದು." ಇನ್ನು ನಿಲ್ಲಿಸುವಂತಿರಲಿಲ್ಲ, ಹೇಳಿಬಿಟ್ಟ. ಆಯುಧಪೂಜೆ ಎಂದರೇನು, ಅಪ್ಪನ ಸೈಕಲ್ ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಸ್ಪ್ಯಾನರುಗಳನ್ನು ಹೇಗೆ ಸಾಲಾಗಿ ಇಡುತ್ತಿದ್ದರು, ಮೂರು ಕಾಳು, ಎರಡು ಸಿಕ್ಕಿದ್ದು, ತೆಂಗಿನೆಣ್ಣೆ. "ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಆದರೆ ಮಾಡಿದ್ದು ನಾನೇ."

ಸೈಫ್‌ನ ದವಡೆ ಬಿಗಿಯಿತು. "ಅಪ್ಪನಿಗೆ ಗೊತ್ತಿತ್ತಾ?"

"ಪೂಜೆ ಗೊತ್ತಿರಲಿಲ್ಲ. ನಿದ್ದೆಯಲ್ಲಿದ್ದರು. ನಾನು ಒರೆಸುವುದು ಗೊತ್ತಿತ್ತು. ಒರೆಸು ಅಂದದ್ದು ಅವರೇ. ಆರು ವರ್ಷ."

"ಆರು ವರ್ಷ? ನಾನು ಪ್ರತಿ ಶುಕ್ರವಾರ ಬರ್ತಿದ್ದೆ. ನನ್ನ ಹತ್ತಿರ ಹೇಳದೆ ನಿನ್ನ ಹತ್ತಿರ ಯಾಕೆ?"

"ಕೈ ನಡುಗುತ್ತಿತ್ತು, ಅರ್ಬಾಬ್."

"ಅದು ಬಿದ್ದ ಮೇಲೆ ಶುರುವಾದದ್ದು. ಡಾಕ್ಟರು—"

"ಅದು ನಿಮಗೆ ಹೇಳಿದ್ದು," ಎಂದಳು ಜೋಸ್ಫಿನ್, ಈ ಸಲ ಹಿಂದಿಯಲ್ಲಿ. "ನಾನು ಬಂದಾಗಲೇ ನಡುಗ್ತಿತ್ತು. ಸೈಫ್‌ಗೆ ಹೇಳಿದರೆ ನಿನ್ನನ್ನು ಕಳಿಸಿಬಿಡ್ತೇನೆ ಅಂತ ಬಾಬಾ ಅಂದಿದ್ರು."

"ಶುಕ್ರವಾರ ನೀವು ಬರುವಾಗ ಖಾವಾ ಸುರಿಯುವುದು ಯಾರು ಅಂತ ನೆನಪು ಮಾಡಿ," ಎಂದ ಮೋಹನದಾಸ ಮೆಲ್ಲಗೆ. "ಮೊದಲೆಲ್ಲ ಬಾಬಾನೇ ಸುರೀತಿದ್ದರು. ಆಮೇಲೆ ನಾನು. ಅವರು ಕೈಯನ್ನು ಅಂಗಿಯ ತೋಳಿನೊಳಗೆ ಇಟ್ಟುಕೊಂಡು ಕೂತಿರ್ತಿದ್ದರು."

ಸೈಫ್ ಏನೋ ಹೇಳಲು ಬಾಯಿ ತೆರೆದ. ಗೇಟಿನ ಗಂಟೆ ಬಡಿಯಿತು. ಹತ್ತು ನಿಮಿಷ ಮೊದಲೇ ಬಂದಿದ್ದರು.

ಇಬ್ಬರು ಬಂದರು. ಒಬ್ಬ ಬರೆದುಕೊಳ್ಳುವ ಯುವಕ, ಇನ್ನೊಬ್ಬ ನರೆತ ಗಡ್ಡದ ಹಿರಿಯ. ಸಲಾಮು, ಕುಶಲ, ತೀರಿಕೊಂಡವರಿಗೆ ಎರಡು ಮಾತು, ಖರ್ಜೂರ. ಮೋಹನದಾಸ ಖಾವಾದ ಹೂಜಿ ಎಡಗೈಯಲ್ಲಿ, ಕಪ್ಪುಗಳು ಬಲಗೈಯಲ್ಲಿ ಹಿಡಿದು ಗೋಡೆ ಬದಿಗೆ ನಿಂತ. ಹಿರಿಯ ಪಿಸ್ತೂಲು ತೆಗೆದುಕೊಂಡ, ನಂಬರು ಓದಿದ, ಯುವಕ ಬರೆದ. ಮ್ಯಾಗಜೀನ್ ನೋಡಿದ, ಗುಂಡು ಎಣಿಸಿದ. ಒಳಗೆ ಐದು, ಹೊರಗೆ ಎರಡು, ಏಳು. ಕೊಕ್ಕೆಯನ್ನು ಹೆಬ್ಬೆರಳಿನಿಂದ ಎಳೆದು ಬಿಟ್ಟ. ಎಳೆದು ಬಿಟ್ಟ. ಆಮೇಲೆ ಅದನ್ನು ಮೂಗಿನ ಹತ್ತಿರ ಹಿಡಿದ.

"ತೆಂಗಿನೆಣ್ಣೆ," ಎಂದ. "ಪಿಸ್ತೂಲಿಗೆ ತೆಂಗಿನೆಣ್ಣೆ ಹಾಕಿದವರು ಯಾರು?"

ಕಪ್ಪುಗಳು ಒಂದಕ್ಕೊಂದು ತಾಗಿ ಕಿಣಿ ಎಂದವು. ಮೋಹನದಾಸ ಬೆರಳು ಬಿಗಿ ಹಿಡಿದ. ಇಷ್ಟು ಅರಬಿ ಅವನಿಗೆ ಧಾರಾಳ ತಿಳಿಯುತ್ತಿತ್ತು. ಸೈಫ್ ಅವನ ಕಡೆ ನೋಡಿದ. ಎಷ್ಟು ಹೊತ್ತು ನೋಡಿದನೆಂದು ಕೇಳಿದರೆ ಮೋಹನದಾಸ ಇವತ್ತಿಗೂ ಒಂದು ಗಂಟೆ ಎಂದಾನು.

"ಮನೆಯಲ್ಲಿ ಸರಿಯಾದ ಎಣ್ಣೆ ಮುಗಿದಿತ್ತು," ಎಂದ ಸೈಫ್. "ನಾನು ತಂದುಕೊಡಬೇಕಿತ್ತು. ತಂದುಕೊಡಲಿಲ್ಲ."

ಹಿರಿಯ ತಲೆಯಾಡಿಸಿದ. "ಇನ್ನು ಹಾಕಬೇಡ. ಅಂಟಾಗ್ತದೆ. ಎಲ್ಲಿ ನಿನ್ನ ಅರ್ಜಿ?"

ಸೈಫ್ ಅರ್ಜಿಯ ಹಾಳೆ ತೆಗೆದು, ಅಡ್ಡ ಮಡಚಿ, ಮತ್ತೆ ಮಡಚಿ ಜೇಬಿಗೆ ಹಾಕಿಕೊಂಡ. "ಅರ್ಜಿ ಬೇಡ. ನೀವೇ ತೆಗೆದುಕೊಂಡು ಹೋಗಿ."

"ತಂದೆಯದಲ್ಲವಾ?"

"ಇವತ್ತು ಅದು ಖಾಲಿ ಅಂದುಕೊಂಡು ಟ್ರಿಗರಿಗೆ ಬೆರಳು ಹಾಕಿದ್ದೆ. ಖಾಲಿ ಇರಲಿಲ್ಲ."

ಹಿರಿಯ ಪೆಟ್ಟಿಗೆ ಮುಚ್ಚಿದ. ಒಪ್ಪಿಸಿದ್ದಕ್ಕೆ ಇನ್ನೊಂದು ಕಾಗದ ಬಂತು, ಸಹಿ ಆಯಿತು. ಮರದ ಪೆಟ್ಟಿಗೆ ಕಾರಿನ ಹಿಂದೆ ಹೋಯಿತು. ಗೇಟು ಮುಚ್ಚಿಕೊಂಡಿತು.

ಸೈಫ್ ಮಜ್ಲಿಸಿಗೆ ವಾಪಸು ಬಂದು ಬಾಬಾ ಕೂರುತ್ತಿದ್ದ ಮೂಲೆಯಲ್ಲಿ ಕೂತ. ಮೋಹನದಾಸ ಬಾಗಿಲಲ್ಲಿ ನಿಂತ. ಸೈಫ್ ಲೋಟ ಎತ್ತಿ ಪಕ್ಕಕ್ಕಿಟ್ಟ. ಕಾಗದದ ಮೇಲೆ ಚಹಾದ ಬಳೆಯಂಥ ಗುರುತು.

"ನೀನು ಮಾಡಿದ್ದು ನನಗೆ ಸರಿ ಕಾಣುವುದಿಲ್ಲ," ಎಂದ. "ನಾಳೆಯೂ ಕಾಣುವುದಿಲ್ಲ. ಅಪ್ಪ ನನಗೆ ಹೇಳದೆ ನಿನಗೆ ಹೇಳಿದ್ದೂ ಸರಿ ಕಾಣುವುದಿಲ್ಲ. ಆದರೆ ಅವರನ್ನು ಕೇಳುವ ಹಾಗಿಲ್ಲ." ಪೆನ್ನು ತೆಗೆದ. "ಹೆಸರು ಪಾಸ್‌ಪೋರ್ಟಿನಲ್ಲಿದ್ದ ಹಾಗೇ ಬರೆದಿದ್ದಾರಾ?"

"ಹೌದು."

ಸಹಿ ಹಾಕಿದ. ಕಾಗದ ಚಾಚಿದ; ಮೋಹನದಾಸ ತೆಗೆದುಕೊಳ್ಳಲು ಹೋದಾಗ ಕೈ ಬಿಡಲಿಲ್ಲ.

"ಅಕ್ಟೋಬರಿನಲ್ಲಿ ಗ್ಯಾರೇಜಿನ ಶಟರು ಎಳೆದುಕೊಂಡು ಏನಾದರೂ ಮಾಡುವುದಿದ್ದರೆ—"

"ಇಲ್ಲ ಅರ್ಬಾಬ್, ಇನ್ನು ಯಾವತ್ತೂ—"

"ಮಾಡುವುದಿದ್ದರೆ ನನಗೆ ಹೇಳಿ ಮಾಡು ಅಂತ ಹೇಳಿದ್ದು. ಬಚ್ಚಿಟ್ಟು ಬೇಡ. ಈ ಮನೆಯಲ್ಲಿ ಬಚ್ಚಿಟ್ಟದ್ದು ಸಾಕು." ಆಮೇಲೆ ಕಾಗದ ಬಿಟ್ಟ. "ಶುಕ್ರವಾರ ಬರ್ತೇನೆ. ಆ ಆರು ವರ್ಷದ್ದು ಎಲ್ಲ ಹೇಳಬೇಕು. ಒಂದನ್ನೂ ಬಿಡದೆ."

ಅವನ ಕಾರು ದುಬೈ ರಸ್ತೆಗೆ ತಿರುಗಿದ ಮೇಲೆ ಮೋಹನದಾಸ ಅಂಗಳದ ಮೆಟ್ಟಿಲಿಗೆ ಬಂದು ಕೂತ. ಕಾಗದ ಕೈಯಲ್ಲೇ ಇತ್ತು. ಜೋಸ್ಫಿನ್ ಕುಂಡದ ಅಂಚಿನಿಂದ ಸೂಜಿ ಎತ್ತಿಕೊಂಡು, ತುದಿಯ ಕಾಳನ್ನು ಮಣ್ಣಿಗೆ ಝಾಡಿಸಿ, ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

"ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ."

"ಹೇಳಿ ಸಿಸ್ಟರ್."

"ಇಡುವಾಗ ಮೂರು ಅಂತ ಎಣಿಸಿದ್ರಲ್ಲ, ತೆಗೆಯುವಾಗ್ಲೂ ಎಣಿಸಿ ಮಾರಾಯ್ರೆ. ನನ್ನ ಕಾಲು ಎರಡೇ ಇರುದು."